ಕಂಬಳದ ಕೋಣಕ್ಕೆ ತಿದ್ದುಪಡಿ, ತೋಟದ ನಾಯಿಗೆ 50 ರೂಪಾಯಿ

ನಾಯಿಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ನಮ್ಮ ಕೊಡಗಿನ ತಿತಿಮತಿ ದಾಟಿ ಆನೆಚೌಕೂರಿನ ಕಾಡುರಸ್ತೆಯಲ್ಲಿ ಬಿಟ್ಟುಬಂದರೆ ಕಾನೂನು ಹಾಕುವ ದಂಡ ಎಷ್ಟು ಗೊತ್ತಾ? ಮೊದಲ ಸಲವಾದರೆ ಕಡಿಮೆ ಅಂದರೆ 10 ರೂಪಾಯಿ, ಜಾಸ್ತಿ ಅಂದರೆ 50. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮರಿಗಳನ್ನು ಅಲ್ಲಿಗೆ ಒಯ್ದ ಜೀಪಿನ ಡೀಸೆಲ್ ಖರ್ಚೇ ಇದಕ್ಕಿಂತ ಜಾಸ್ತಿ.

ಈ ದಂಡ 1960ರದ್ದು. ಅದರ ಹಿಂದೆ ಇದ್ದವರು ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿದ್ದ ಅವರು 1950ರ ದಶಕದ ಆರಂಭದಲ್ಲಿ ಪ್ರಾಣಿಹಿಂಸೆ ತಡೆಗೆ ಒಂದು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ಮಾಡುತ್ತದೆ ಎಂದು ನೆಹರು ಭರವಸೆ ಕೊಟ್ಟ ಮೇಲೆ ಅದನ್ನು ವಾಪಸ್ ತೆಗೆದುಕೊಂಡರು. 1960ರ ಡಿಸೆಂಬರ್‌ನಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಮದ್ರಾಸಿನಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು, ಮೊದಲ ಅಧ್ಯಕ್ಷೆ ಅವರೇ. ಆ ಹೊತ್ತಿಗೆ ಕೊಡಗು ತನ್ನದೇ ವಿಧಾನಸಭೆ ಬಿಟ್ಟುಕೊಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ ಆಗಿತ್ತು.

ಕಾಯ್ದೆ ಹಳೆಯದು ನಿಜ. ಆದರೆ ಅದರ 11ನೇ ಸೆಕ್ಷನ್ ಓದಿ ನೋಡಿ, ಯಾರೋ ನಮ್ಮ ಕಾಫಿ ತೋಟಗಳನ್ನು ಸುತ್ತಿ ಬಂದು ಬರೆದ ಹಾಗಿದೆ. ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಕಟ್ಟುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿರುವ ನಾಯಿಯನ್ನು ಓಡಾಡಿಸದೇ ಇರುವುದು ಅಪರಾಧ. ಊಟ, ನೀರು, ನೆರಳು ಕೊಡದಿರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಎಲ್ಲೋ ಬಿಟ್ಟು ಹೋಗುವುದೂ ಅಪರಾಧ.

ಈಗ ಕಾಫಿ ಕಣದ ಮೂಲೆಗೆ ಬನ್ನಿ. ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಕಾಫಿ ಹರವಿದಾಗ ಕಾವಲಿಗೆ ನಾಯಿ ಬೇಕು, ಎಲ್ಲರಿಗೂ ಬೇಕು. ಕಾಫಿ ಕ್ಯೂರಿಂಗಿಗೆ ಹೋಯಿತು, ಮಳೆ ಹಿಡಿಯಿತು, ಜೂನ್ ಬಂತು. ನಾಯಿ ಮಾತ್ರ ಅದೇ ಗೂಟದಲ್ಲಿದೆ. ಸರಪಳಿ ಎಟಕುವಷ್ಟು ಜಾಗದಲ್ಲಿ ಒಂದು ಹುಲ್ಲೂ ಇಲ್ಲ, ಬರೀ ಕೆಸರು. ಅಡ್ಡ ಮಲಗಿಸಿದ ತಗಡಿನ ಡ್ರಮ್ಮೇ ಗೂಡು, ಅದರೊಳಗೂ ನೀರು. ಕೊರಳಿನ ಸುತ್ತ ರೋಮ ಉದುರಿ ಚರ್ಮ ಕೆಂಪಾಗಿದೆ. ರಾತ್ರಿ ಚಿರತೆ ಬಂದರೆ ಓಡುವ ಹಾಗೂ ಇಲ್ಲ. ಬೇಲಿ ಪಕ್ಕ ಹಂದಿಗೆ ಇಟ್ಟ ಉರುಳಿಗೆ ಬಿಚ್ಚಿಬಿಟ್ಟ ನಾಯಿಗಳು ಸಿಕ್ಕಿಕೊಳ್ಳುವುದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಬರೆಯೋಣ. ಹಗಲು ಕಟ್ಟಿ ರಾತ್ರಿ ಬಿಡುವ, ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುವ ತೋಟದವರೂ ಬೇಕಾದಷ್ಟು ಜನ ಇದ್ದಾರೆ. ಕಾನೂನು ಬೇಕಾಗಿರುವುದು ಉಳಿದವರಿಗೆ.

ಹಾಗಾದರೆ ಪೊಲೀಸರಿಗೆ ದೂರು ಕೊಟ್ಟರೆ ಆಯಿತಲ್ಲ? ಕೊಟ್ಟು ನೋಡಿದವರನ್ನು ಕೇಳಿ. ಠಾಣೆಯಲ್ಲಿ ಆಸಕ್ತಿ ತೋರಿಸಲಿಲ್ಲ ಅಂತ ಸಿಟ್ಟಾಗುತ್ತಾರೆ. ಸಿಟ್ಟಾಗುವ ಮೊದಲು 31ನೇ ಸೆಕ್ಷನ್ ನೋಡಬೇಕು. ಕ್ರೂರವಾಗಿ ಕೊಲ್ಲುವುದು, ಅಂಗ ಊನ ಮಾಡುವುದು, ಪ್ರಾಣಿ ಕಾಳಗ ನಡೆಸುವುದು, ಇಂಥ ಬೆರಳೆಣಿಕೆಯ ಅಪರಾಧಗಳಿಗೆ ಮಾತ್ರ ಪೊಲೀಸರು ತಾವಾಗಿಯೇ ಕೇಸು ಹಾಕಿ ಬಂಧಿಸಬಹುದು. ಸರಪಳಿ, ಹಸಿವು, ಬೀದಿಗೆ ಬಿಡುವುದು, ಇದ್ಯಾವುದೂ ಆ ಪಟ್ಟಿಯಲ್ಲಿಲ್ಲ. ತನಿಖೆಗೂ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅದೂ ಬಿದ್ದುಹೋಗುತ್ತದೆ. 50 ರೂಪಾಯಿ ದಂಡಕ್ಕಾಗಿ ಇಷ್ಟೆಲ್ಲ ಯಾರು ಓಡಾಡುತ್ತಾರೆ?

ನಡುವೆ ಏನೂ ಆಗಲೇ ಇಲ್ಲ ಅಂತಲ್ಲ. 2001ರಲ್ಲಿ ಎರಡು ದೊಡ್ಡ ನಿಯಮ ಬಂದವು. ಮೊದಲೆಲ್ಲ ಪುರಸಭೆಯವರು ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದರು. 1960ರ ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿತ್ತು. 2001ರ ನಿಯಮ ಅದರ ಬದಲು ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ ಎಂದಿತು. 2023ರಲ್ಲಿ ಇದು ಹೊಸ ರೂಪದಲ್ಲಿ ಬಂದು ಪಂಚಾಯಿತಿಗಳಿಗೂ ಜವಾಬ್ದಾರಿ ಬಿತ್ತು. 2001ರ ಇನ್ನೊಂದು ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು. ಅದಕ್ಕೆ ಸರ್ಕಾರ ಜಾಗ ಕೊಡಬೇಕು, ಆಸ್ಪತ್ರೆ ಮತ್ತು ಶೆಲ್ಟರ್ ಇರಬೇಕು. ಆಮೇಲೆ 2017ರಲ್ಲಿ ನಾಯಿ ತಳಿ ಸಾಕಿ ಮಾರುವವರಿಗೆ, 2018ರಲ್ಲಿ ಪೆಟ್ ಶಾಪ್‌ಗಳಿಗೆ ನೋಂದಣಿ ಕಡ್ಡಾಯವಾಯಿತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಒಂದು ವಿಚಿತ್ರ ಕಾಣಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿ ಕೊಂದವನಿಗೆ ಶಿಕ್ಷೆ ಕೊಡುವ ಮೊದಲು ಆ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ನೋಡಬೇಕಿತ್ತು. ಹೊಸ 325ನೇ ಸೆಕ್ಷನ್ ಬೆಲೆಯ ಲೆಕ್ಕ ಬಿಟ್ಟು, ಯಾವ ಪ್ರಾಣಿಯನ್ನು ಕೊಂದರೂ, ವಿಷ ಹಾಕಿದರೂ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಒಳ್ಳೆಯದೇ. ಆದರೆ ವಿಷ ಹಾಕಿದವನಿಗೆ ಐದು ವರ್ಷ, ಕಟ್ಟಿಹಾಕಿ ಅನ್ನ ಹಾಕದೆ ಸುಮ್ನೆ ಇದ್ದವನಿಗೆ 50 ರೂಪಾಯಿ!

2014ರ ಮೇ 7ರಂದು ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಈ ದಂಡ ಸಾಲದು, ಸಂಸತ್ತು ತಿದ್ದಬೇಕು ಎಂದಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಒಂದು ಕರಡು ಮಸೂದೆ ಬಿಡುಗಡೆ ಮಾಡಿ ಜನರ ಅಭಿಪ್ರಾಯ ಕೇಳಿತು. ಕರಡು ಕರಡಾಗಿಯೇ ಉಳಿಯಿತು.

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಮಾತು ಒಂದೇ: ಇದು ಕೇಂದ್ರದ ಕಾಯ್ದೆ, ರಾಜ್ಯ ಏನು ಮಾಡುವುದಕ್ಕಾಗುತ್ತದೆ? ಇದು ಸುಳ್ಳು ಅಂತ ತೋರಿಸಿದ್ದು ನಮ್ಮ ಪಕ್ಕದ ಜಿಲ್ಲೆಯ ಕೋಣಗಳು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. ಕರಾವಳಿ ಎದ್ದು ಕೂತಿತು. 2017ರ ಫೆಬ್ರವರಿಯಲ್ಲಿ ವಿಧಾನಸಭೆಯಲ್ಲಿ ಇದೇ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಮಸೂದೆ, ಜುಲೈನಲ್ಲಿ ಸುಗ್ರೀವಾಜ್ಞೆ, 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಅಂಕಿತ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ರಾಷ್ಟ್ರಪತಿ ಒಪ್ಪಿದರೆ ರಾಜ್ಯ ತನ್ನ ಮಟ್ಟಿಗೆ ಕೇಂದ್ರದ ಕಾಯ್ದೆಯನ್ನು ತಿದ್ದಬಹುದು. ಕಂಬಳ ಸರಿಯೋ ತಪ್ಪೋ ಎಂಬ ಜಗಳ ನನಗೆ ಬೇಡ. ಓಟಕ್ಕೆ ವಿನಾಯಿತಿ ಕೊಡಲು ತಿದ್ದುಪಡಿ ಮಾಡಬಹುದಾದರೆ ದಂಡ ಏರಿಸಲೂ ಮಾಡಬಹುದು, ಅಲ್ವಾ?

ಹೊರಗಡೆ ರಾಜ್ಯಗಳು ಮಾಡಿಯೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾ 1998ರಲ್ಲೇ ಶೆಲ್ಟರಿಗೆ ಬಂದ ನಾಯಿ ಬೆಕ್ಕುಗಳನ್ನು ಇಟ್ಟುಕೊಳ್ಳಲೇಬೇಕಾದ ಅವಧಿಯನ್ನು 72 ಗಂಟೆಯಿಂದ ನಾಲ್ಕರಿಂದ ಆರು ಕೆಲಸದ ದಿನಗಳಿಗೆ ಏರಿಸಿತು. ಅಲ್ಲಿನ ಪೆಟ್ ಶಾಪ್‌ಗಳು ಶೆಲ್ಟರ್ ಅಥವಾ ರಕ್ಷಣಾ ಸಂಸ್ಥೆಗಳಿಂದ ಬಂದ ನಾಯಿ, ಬೆಕ್ಕು, ಮೊಲಗಳನ್ನು ಮಾತ್ರ ಕೊಡಬಹುದು ಎಂಬ ಕಾನೂನು 2019ರಲ್ಲಿ ಜಾರಿಗೆ ಬಂತು. ಅದನ್ನೇ ಇಲ್ಲಿ ನಕಲು ಮಾಡಬೇಕಿಲ್ಲ. ನಮ್ಮಲ್ಲಿ ಸಮಸ್ಯೆ ಬೇರೆ, ಇಲ್ಲಿ ಶೆಲ್ಟರೇ ಅಪರೂಪ.

ಶೆಲ್ಟರ್ ವಿಷಯ ಈಗ ಇನ್ನೂ ತುರ್ತಾಗಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಬೀದಿನಾಯಿಗಳನ್ನು ಹಿಡಿದು, ಚಿಕಿತ್ಸೆ ಮಾಡಿ, ಶೆಲ್ಟರಿಗೆ ಸಾಗಿಸಿ, ಅದೇ ಜಾಗಕ್ಕೆ ವಾಪಸ್ ಬಿಡಬೇಡಿ ಎಂದು ಆದೇಶಿಸಿತು. ಮಕ್ಕಳಿಗೆ ಕಚ್ಚುತ್ತವೆ, ರೇಬಿಸ್ ಭಯ ಇದೆ, ಕೋರ್ಟಿನ ಆತಂಕ ಅರ್ಥವಾಗುತ್ತದೆ. ಆದರೆ ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಬಸ್ ನಿಲ್ದಾಣಗಳ ನಾಯಿಗಳು ಹೋಗಬೇಕಾದ ಶೆಲ್ಟರಿನಲ್ಲಿ ಒಂದು ನಾಯಿಗೆ ಎಷ್ಟು ಜಾಗ, ಮಳೆಗಾಲದಲ್ಲಿ ಒಣನೆಲ ಇರುತ್ತದೆಯೇ, ಡಾಕ್ಟರ್ ಯಾವಾಗ ಬರುತ್ತಾರೆ, ಸತ್ತರೆ ಲೆಕ್ಕ ಯಾರು ಕೇಳುತ್ತಾರೆ? ಇದನ್ನೆಲ್ಲ ಬರೀ ಮಾರ್ಗಸೂಚಿಗೆ ಬಿಡಬಾರದು. ರಾಜ್ಯದ ಕಾಯ್ದೆಯಲ್ಲೇ ಬರೆದಿಡಬೇಕು, ತಪಾಸಣೆ ಮಾಡುವ ಅಧಿಕಾರಿ ಯಾರು ಎಂಬುದನ್ನೂ.

ಕೊಡಗಿನಿಂದ ಇನ್ನೊಂದು ಬೇಡಿಕೆ ಸೇರಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿಬಂದರು. ಹಸು, ನಾಯಿಗಳು ಹಿಂದೆ ಉಳಿದವು. ಕಟ್ಟಿದ್ದನ್ನು ಬಿಚ್ಚಲೂ ಎಷ್ಟೋ ಜನರಿಗೆ ಪುರುಸೊತ್ತು ಸಿಗಲಿಲ್ಲ, ಅವರನ್ನು ದೂರುವ ಹಾಗಿಲ್ಲ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ಹೊತ್ತಿಗೆ ಸಾಕುಪ್ರಾಣಿ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದಿದ್ದರು. ಮರುವರ್ಷವೇ ಅಲ್ಲಿ, ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಇರಬೇಕೆಂಬ ಕಾನೂನು ಬಂತು. ನಮ್ಮಲ್ಲಿ ಪ್ರತಿ ಮಳೆಗಾಲದ ಮೊದಲು ಕಾಳಜಿ ಕೇಂದ್ರಗಳ ಪಟ್ಟಿ ತಯಾರಾಗುತ್ತದೆ. ಅದರ ಪಕ್ಕದಲ್ಲಿ ದನ, ನಾಯಿ ಕಟ್ಟಲು ಒಂದು ಶೆಡ್ ಅಂತ ಕಾನೂನೇ ಹೇಳಿದರೆ ಜನರೂ ಬೇಗ ಮನೆ ಬಿಟ್ಟು ಬರುತ್ತಾರೆ.

ನಮ್ಮ ಜಿಲ್ಲೆಯಿಂದ ಇಬ್ಬರು ಶಾಸಕರಿದ್ದಾರೆ. ಅವರಿಗೆ ಅರ್ಜಿ ಕೊಡುವವರು 'ಪ್ರಾಣಿಗಳ ಬಗ್ಗೆ ದಯೆ ಇರಲಿ' ಎಂದು ಬರೆಯಬೇಡಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ಸರಪಳಿ, ಓಡಾಡಿಸದಿರುವುದು, ಹಸಿವು, ಬಿಟ್ಟುಹೋಗುವುದು ಇವುಗಳ ಬಗ್ಗೆ ಇರುವ 11(1)ರ ಎಫ್, ಜಿ, ಎಚ್, ಐ ಖಂಡಗಳನ್ನು ಪೊಲೀಸರು ತಾವಾಗಿಯೇ ಕೇಸು ಹಾಕಬಹುದಾದ 31ನೇ ಸೆಕ್ಷನ್‌ನ ಪಟ್ಟಿಗೆ ಸೇರಿಸಿ, ದಂಡವನ್ನು ಸಾವಿರಗಳ ಲೆಕ್ಕಕ್ಕೆ ತನ್ನಿ, ಶೆಲ್ಟರ್‌ಗಳಿಗೆ ನೋಂದಣಿ ಮತ್ತು ತಪಾಸಣೆ ಕಡ್ಡಾಯ ಮಾಡಿ ಎಂದು ಬರೆಯಿರಿ. ಕಂಬಳದ ತಿದ್ದುಪಡಿಯ ಒಂದು ಪ್ರತಿಯನ್ನೂ ಜೊತೆಗೆ ಲಗತ್ತಿಸಿ.