ಸೀಟು ಈಗ ಹಿಡೀಬೇಕು, ಕೆಲಸ ನಾಲ್ಕು ವರ್ಷದ ಮೇಲೆ

ಸಿಇಟಿ ರ‍್ಯಾಂಕ್ ಬಂದ ವಾರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ ಮಾತು. ‘ಸಿಎಸ್ ಸಿಗುತ್ತಾ? ಇಲ್ಲಾಂದ್ರೆ ಐಎಸ್. ಅದೂ ಇಲ್ಲಾಂದ್ರೆ ಎಐಎಂಎಲ್.’ ಎಂಜಿನಿಯರಿಂಗ್‌ನ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ-ಮೆಷಿನ್ ಲರ್ನಿಂಗ್ ಬ್ರಾಂಚ್‌ಗಳ ಮಾತು ಇದು. ಹೋದ ವರ್ಷ ಅದೇ ಸಿಎಸ್ ಮುಗಿಸಿದ ಪಕ್ಕದ ಮನೆ ಹುಡುಗ ಇನ್ನೂ ಕೆಲಸ ಹುಡುಕುತ್ತಿದ್ದರೂ ಈ ಮಾತು ಬದಲಾಗುವುದಿಲ್ಲ. ಇಷ್ಟು ಬಿಗಿಯಾದ ನಂಬಿಕೆ ಎಲ್ಲಿಂದ ಬಂತು?

ಬೆಂಗಳೂರಿನಲ್ಲಿ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅಲ್ಲಿಂದ ದಶಕಗಳ ಕಾಲ ಎಂಜಿನಿಯರ್ ಅಂದರೆ ಪಿಡಬ್ಲ್ಯುಡಿ, ಕೆಇಬಿ, ಎಚ್‌ಎಎಲ್, ಬಿಇಎಲ್. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ಗೇ ಮರ್ಯಾದೆ. ಆಮೇಲೆ ಖಾಸಗಿ ಕಾಲೇಜುಗಳು ಬಂದವು, ಜೊತೆಗೆ ಡೊನೇಷನ್ನೂ ಬಂತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಕಾನೂನು ಮಾಡಿತು. 1992 ಮತ್ತು 1993ರಲ್ಲಿ ಡೊನೇಷನ್ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪುಗಳು ಬಂದವು. 1994ಕ್ಕೆ ಸಿಇಟಿ ಬಂತು. ಕಡಿಮೆ ಫೀಸಿನ ಫ್ರೀ ಸೀಟು, ಜಾಸ್ತಿ ಫೀಸಿನ ಪೇಮೆಂಟ್ ಸೀಟು ಅನ್ನುವ ಮಾತುಗಳು ಹಳ್ಳಿಯ ಕಟ್ಟೆಗೂ ತಲುಪಿದವು. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಬರೀ ಅಂಕದ ಮೇಲೆ ಒಳ್ಳೆಯ ಕಾಲೇಜು ಸಿಕ್ಕಿತು. ಸಿಇಟಿಯನ್ನು ಎಷ್ಟೇ ಬೈದರೂ ಇದನ್ನು ಒಪ್ಪಲೇಬೇಕು.

ಅದೇ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಗಳು ಬೆಳೆದವು. ಇಲ್ಲಿ ಜನ ಮರೆಯುವ ಒಂದು ಸಂಗತಿ ಇದೆ. ಆಗ ಆ ಕಂಪನಿಗಳಿಗೆ ಬ್ರಾಂಚ್ ಮುಖ್ಯವಾಗಿರಲಿಲ್ಲ. ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ಹಿಂಡುಹಿಂಡಾಗಿ ತೆಗೆದುಕೊಂಡು, ತಾವೇ ತಿಂಗಳುಗಟ್ಟಲೆ ತರಬೇತಿ ಕೊಡುತ್ತಿದ್ದವು. ಲೆಕ್ಕ ಬಂದರೆ, ಒಂದಿಷ್ಟು ಇಂಗ್ಲಿಷ್ ಬಂದರೆ ಸಾಕಿತ್ತು. ಆದರೆ ಮನೆಗಳಲ್ಲಿ ಉಳಿದುಕೊಂಡಿದ್ದು ‘ಕಂಪ್ಯೂಟರ್ ಓದಿದರೆ ಕೆಲಸ’ ಅನ್ನುವ ಅರ್ಧ ಸತ್ಯ.

ಆ ಅರ್ಧ ಸತ್ಯದ ಮೇಲೆ ಏಟು ಬೀಳದೆ ಇರಲಿಲ್ಲ. 2001ರಲ್ಲಿ ಡಾಟ್‌ಕಾಂ ಕಂಪನಿಗಳು ಕುಸಿದವು. 2008ರಲ್ಲಿ ಅಮೆರಿಕದ ಬ್ಯಾಂಕ್ ಬಿದ್ದದ್ದಕ್ಕೆ ಇಲ್ಲಿ ಆಫರ್ ಲೆಟರ್ ಹಿಡಿದವರೂ ಕಾದು ಕೂತರು. ಪ್ರತಿ ಸಲವೂ ಒಂದೆರಡು ವರ್ಷ ಬೇಡಿಕೆ ಇಳಿಯಿತು, ಮತ್ತೆ ಏರಿತು. ತೊಂದರೆ ಇರುವುದು ಲೆಕ್ಕದಲ್ಲಿ. ಪಿಯುಸಿ ಮುಗಿಸಿದವರು ನೋಡುವುದು ಈ ವರ್ಷದ ಪ್ಲೇಸ್‌ಮೆಂಟ್. ಅವರು ಓದಿ ಹೊರಬರುವುದು ನಾಲ್ಕು ವರ್ಷದ ಮೇಲೆ. ಸುಗ್ಗಿ ನೋಡಿ ಸೇರಿದವರು ಬರದಲ್ಲಿ ಹೊರಬರುತ್ತಾರೆ. ಬರ ನೋಡಿ ಹೆದರಿ ಬೇರೆ ಕಡೆ ಹೋದವರಿಗೆ ಹೊಟ್ಟೆ ಉರಿಯುತ್ತದೆ.

2021ರಲ್ಲಿ ಇದು ಜೋರಾಗಿ ಕಂಡಿತು. ಕೊರೊನಾ ಕಾಲದಲ್ಲಿ ಎಲ್ಲವೂ ಆನ್‌ಲೈನ್ ಆಗಿ, ಐಟಿ ಕಂಪನಿಗಳು ಸಿಕ್ಕವರನ್ನೆಲ್ಲ ತೆಗೆದುಕೊಂಡವು. ಆ ವರ್ಷ ಸಿಎಸ್‌ಗೆ ನೂಕುನುಗ್ಗಲು. 2023ರ ಹೊತ್ತಿಗೆ ನೇಮಕಾತಿ ತಣ್ಣಗಾಯಿತು. 2021ರಲ್ಲಿ ಸೇರಿದವರು 2025ರಲ್ಲಿ ಹೊರಬಂದಾಗ ಹೊಸಬರು ಮಾಡುತ್ತಿದ್ದ ಚಿಕ್ಕಪುಟ್ಟ ಕೋಡಿಂಗ್ ಕೆಲಸವನ್ನು ಎಐ ಮಾಡುವ ಮಾತು ಶುರುವಾಗಿತ್ತು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಇಷ್ಟರ ನಡುವೆ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಫ್ರೆಶರ್ ಸಂಬಳ ಮಾತ್ರ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕೂ ಜಾಸ್ತಿ ಕಾಲ ನಿಂತಿತ್ತು. ಕಾಲೇಜು ಫೀಸು ಹಾಗೆ ನಿಲ್ಲಲಿಲ್ಲ.

ಸೀಟುಗಳು ಮಾತ್ರ ಏರುತ್ತಲೇ ಹೋದವು. ಒಂದು ಬ್ರಾಂಚ್‌ನಲ್ಲಿ ಇಷ್ಟೇ ಸೀಟು ಅನ್ನುವ ಮಿತಿಯನ್ನು 2024-25ರಿಂದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಒಳ್ಳೆಯ ಕಾಲೇಜುಗಳಿಗೆ ತೆಗೆದುಹಾಕಿತು. ಬೇಡಿಕೆ ಇರುವ ಕಡೆ ಸೀಟು ಬೆಳೆಯಿತು. ಎಐಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಬೋರ್ಡುಗಳು ಬಂದವು. ಒಳಗೆ ಹೋಗಿ ನೋಡಿದರೆ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಎಲ್ಲದರಲ್ಲೂ ಇವೆ. ಬೇರೆಯಾಗುವುದು ಕೊನೆಯ ಕೆಲವು ವಿಷಯ. ಅಷ್ಟಕ್ಕಾಗಿ ಒಳ್ಳೆಯ ಕಾಲೇಜಿನ ಎಲೆಕ್ಟ್ರಿಕಲ್ ಸೀಟು ಬಿಟ್ಟು, ಹೆಸರೇ ಕೇಳದ ಕಾಲೇಜಿನ ಎಐಎಂಎಲ್‌ಗೆ ಲಕ್ಷಗಟ್ಟಲೆ ಕೊಟ್ಟು ಸೇರುವುದು ಎಷ್ಟು ಸರಿ?

ಎಂಜಿನಿಯರಿಂಗ್ ಬಿಟ್ಟವರ ಪಾಡು ಇನ್ನೊಂದು ಥರ. ಬಿಎ, ಬಿಎಸ್‌ಸಿ, ಬಿಕಾಂಗೆ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು ನಾಲ್ಕು ವರ್ಷದ ಆನರ್ಸ್ ಶುರುವಾಯಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಅದೇ ವರ್ಷ ಜನವರಿಯಲ್ಲಿ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಶುರುವಾಯಿತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪದವಿ ಇದ್ದರೂ ಕೆಲಸ ಇಲ್ಲ ಅನ್ನುವುದನ್ನು ಸರ್ಕಾರವೇ ಬಜೆಟ್‌ನಲ್ಲಿ ಬರೆದುಕೊಂಡಂತೆ, ಅಲ್ವಾ?

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆರಿಸಿ ತುಂಬಲು ಕೂರುವವರಿಗೆ ಬ್ಯಾನರಿನಲ್ಲಿರುವ ‘ಹೈಯೆಸ್ಟ್ ಪ್ಯಾಕೇಜ್’ ಕೆಲಸಕ್ಕೆ ಬರುವುದಿಲ್ಲ. ಅದು ಒಬ್ಬರದ್ದು. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ನಡುವಿನವರ ಸಂಬಳ (ಮೀಡಿಯನ್) ಎಷ್ಟು ಅನ್ನುವುದಿರುತ್ತದೆ. ಎಲ್ಲ ಕಾಲೇಜುಗಳೂ ಅದರಲ್ಲಿ ಭಾಗವಹಿಸುವುದಿಲ್ಲ. ಭಾಗವಹಿಸಿದವರ ಲೆಕ್ಕದಲ್ಲೂ ಎಲ್ಲ ಬ್ರಾಂಚ್‌ಗಳೂ ಒಟ್ಟಿಗೆ ಇರುತ್ತವೆ. ನಿಮ್ಮ ಬ್ರಾಂಚ್‌ನದ್ದನ್ನು ಡಿಪಾರ್ಟ್‌ಮೆಂಟಿಗೆ ಹೋಗಿ ಕೇಳಬೇಕು, ಫೀಸು ಕಟ್ಟುವ ಮೊದಲೇ.