ಹಟಮಾರಿ ಮೇಕೆ ಮತ್ತು ಕೈ ಹಿಂತೆಗೆಯುವ ಕ್ಷಣ

ಚೊಚ್ಚಲು ಈದ ಮೇಕೆಯನ್ನು ಹಾಲು ಕರೆಯುವ ಸ್ಟ್ಯಾಂಡಿನ ಮೇಲೆ ಮೊದಲ ಬಾರಿ ನಿಲ್ಲಿಸಿದಾಗ ನಡೆಯುವುದು ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ. ಬಟ್ಟಲಿನಲ್ಲಿರುವ ಹಿಂಡಿ, ಬೂಸಾ ಕಂಡು ಅದು ಖುಷಿಯಿಂದಲೇ ಹತ್ತುತ್ತದೆ; ಕೊರಳು ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಾಗ ಒಮ್ಮೆ ಜಗ್ಗಿ ನೋಡಿ ಮತ್ತೆ ತಿನ್ನತೊಡಗುತ್ತದೆ. ಕೆಚ್ಚಲಿಗೆ ಕೈ ತಾಗಿದೊಡನೆ ಹಿಂಗಾಲು ಮೇಲೆದ್ದು ಪಾತ್ರೆ ಉರುಳುತ್ತದೆ. ಕರೆಯುವವರು ಕೈ ಹಿಂತೆಗೆದುಕೊಳ್ಳುತ್ತಾರೆ. ಮರುದಿನ ಒದೆ ಇನ್ನಷ್ಟು ಬೇಗ ಬರುತ್ತದೆ, ವಾರ ಕಳೆಯುವಷ್ಟರಲ್ಲಿ ಆ ಮೇಕೆಗೆ ಹಟಮಾರಿ ಎಂಬ ಹೆಸರು ಬಿದ್ದಿರುತ್ತದೆ. ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂಬುದನ್ನು ಬಲ್ಲವರು ಇದನ್ನು ನೋಡಿದರೆ, ಆ ಹಟವನ್ನು ಆ ಒಂದು ವಾರದಲ್ಲಿ ನಾವೇ ಕಲಿಸಿದೆವು ಎಂದು ಹೇಳಿಯಾರು.

ನಮ್ಮ ಹಳ್ಳಿಗಳಲ್ಲಿ ಮನೆಮಟ್ಟಿಗೆ ಒಂದೆರಡು ಲೋಟ ಹಾಲು ಕರೆಯುವವರು ಮೇಕೆಯ ಬಳಿ ಕುಕ್ಕರಗಾಲಿನಲ್ಲಿ ಕುಳಿತೇ ಕೆಲಸ ಮುಗಿಸುತ್ತಾರೆ. ಸಾನೆನ್, ಆಲ್ಪೈನ್‌ನಂಥ ಹಾಲಿನ ತಳಿಗಳನ್ನು ಸಾಕುವ ಯುರೋಪ್ ಮತ್ತು ಅಮೆರಿಕದ ಸಣ್ಣ ಫಾರಂಗಳಲ್ಲಿ ಸುಮಾರು ಒಂದೂವರೆ ಅಡಿ ಎತ್ತರದ ಸ್ಟ್ಯಾಂಡ್ ರೂಢಿಯಲ್ಲಿದೆ. ಹಾಲಿಗಾಗಿಯೇ ಬೀಟಲ್ ಅಥವಾ ಜಮುನಾಪಾರಿ ಸಾಕುವವರ ಬೆನ್ನಿಗೂ ಅದು ಹಿತವೇ. ಇರಾನಿನ ಜಾಗ್ರೋಸ್ ಬೆಟ್ಟಸಾಲಿನಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮನುಷ್ಯರು ಪಳಗಿಸಿದ ಈ ಪ್ರಾಣಿಯ ಪೂರ್ವಜರು ಕಡಿದಾದ ಬಂಡೆಗಳ ಮೇಲೆ ಬದುಕಿದವರಾದ್ದರಿಂದ, ಎತ್ತರಕ್ಕೆ ಹತ್ತುವುದನ್ನು ಮೇಕೆಗೆ ಯಾರೂ ಹೇಳಿಕೊಡಬೇಕಿಲ್ಲ. ತೊಂದರೆಯೆಲ್ಲ ಇರುವುದು ಕೊರಳು ಬಂಧನದಲ್ಲಿರುವಾಗ ಹಿಂದಿನಿಂದ ಬರುವ ಕೈಯಲ್ಲಿ. ಆ ಕೈ ಅದಕ್ಕೆ ಕಾಣಿಸುತ್ತಲೇ ಇರುತ್ತದೆ. ಮೇಕೆಯ ಕಣ್ಣಿನ ಪಾಪೆ ಅಡ್ಡಗೆರೆಯಂತಿರುವುದನ್ನು ಎಲ್ಲರೂ ಗಮನಿಸಿರುತ್ತಾರೆ. ತಲೆ ತಗ್ಗಿಸಿ ಮೇಯುವಾಗ ಕಣ್ಣುಗುಡ್ಡೆಗಳು 50 ಡಿಗ್ರಿಯಷ್ಟು ಹೊರಳಿ ಆ ಗೆರೆಯನ್ನು ನೆಲಕ್ಕೆ ಸಮಾಂತರವಾಗಿಯೇ ಉಳಿಸಿಕೊಳ್ಳುತ್ತವೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿಕೊಟ್ಟರು. ಬಟ್ಟಲಿಗೆ ಮುಖವಿಟ್ಟ ಮೇಕೆ ಸುತ್ತಲಿನ ಕಾವಲನ್ನು ಬಿಟ್ಟಿರುವುದಿಲ್ಲ. ಮೈಮೇಲೆ ಬೀಳುವ ಬೇಟೆಗಾರ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಸಜ್ಜಾದ ದೇಹವದು.

ಮೊದಲ ಒದೆ ಹೀಗೆ ಭಯದಿಂದ ಹುಟ್ಟುತ್ತದೆ. ಎರಡನೆಯದು ಲೆಕ್ಕಾಚಾರದಿಂದ. ಹಿತವಾದ ಫಲ ಕೊಟ್ಟ ನಡೆಯನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯೊಳಗೆ ಕೂಡಿಹಾಕಿದ ಬೆಕ್ಕುಗಳಿಂದ ಕಂಡುಕೊಂಡರು, ಮುಂದೆ ಬಿ.ಎಫ್. ಸ್ಕಿನ್ನರ್ ಅದನ್ನು ವಿಸ್ತರಿಸಿದರು. ಆ ಫಲ ತಿನಿಸೇ ಆಗಬೇಕಿಲ್ಲ, ಕಿರಿಕಿರಿಯೊಂದು ಆ ಕ್ಷಣದಲ್ಲಿ ತೊಲಗಿದರೂ ಅದು ಬಹುಮಾನವೇ. ಬಟ್ಟಲಿನಲ್ಲಿ ನಾವು ಹಾಕಿದ ಹಿಂಡಿಗಿಂತ, ಒದೆ ಬಿದ್ದೊಡನೆ ಹಿಂದಕ್ಕೆ ಸರಿದ ನಮ್ಮ ಕೈ ಮೇಕೆಗೆ ದೊಡ್ಡ ಬಹುಮಾನವಾಗಿರುತ್ತದೆ.

ಆದ್ದರಿಂದ ತರಬೇತಿಯ ಗುಟ್ಟೆಲ್ಲ ಕೈ ಯಾವಾಗ ಹಿಂತೆಗೆಯಬೇಕು ಎಂಬುದರಲ್ಲಿದೆ. ಮೊದಲ ದಿನಗಳಲ್ಲಿ ಹಾಲಿನ ಮಾತೇ ಬೇಡ. ಭುಜದ ಮೇಲೆ ಅಂಗೈ ಇರಿಸಿ, ಪಕ್ಕೆಯ ಗುಂಟ ಜಾರಿಸುತ್ತ, ತೊಡೆಯ ಒಳಬದಿಯಿಂದ ಕೆಚ್ಚಲಿಗೆ ತಂದು ಸುಮ್ಮನೆ ಇಟ್ಟಿರಬೇಕು. ಒದೆಯುವ ಮುನ್ನ ಮೇಕೆ ಮೈಭಾರವನ್ನು ಇನ್ನೊಂದು ಕಾಲಿಗೆ ಹೊರಳಿಸುತ್ತದೆ, ತೊಡೆಯ ಸ್ನಾಯು ಬಿಗಿಯುವುದು ಬೆರಳಿಗೆ ತಿಳಿಯುತ್ತದೆ. ಆಗ ಕೈ ತೆಗೆಯದೆ, ಹಿಸುಕದೆ, ಕಾಲು ಮೇಲೆದ್ದರೆ ಅದರೊಡನೆಯೇ ಸಾಗುತ್ತ ಕಾಯಬೇಕು. ಗೊರಸು ಹಲಗೆಗೆ ಮರಳಿ ತಾಗಿ, ತೊಡೆ ಸಡಿಲವಾದ ಆ ಕ್ಷಣದಲ್ಲಿಯೇ ಕೈ ತೆಗೆಯಬೇಕು. ಬಹುಮಾನ ಅದೇ, ಆದರೆ ಈಗ ಅದು ಸಿಕ್ಕಿದ್ದು ಸುಮ್ಮನೆ ನಿಂತದ್ದಕ್ಕೆ.

ಇಲ್ಲಿ ಮುಂಚಿತವಾಗಿಯೇ ತಿಳಿದಿರಬೇಕಾದ ಸಂಗತಿಯೊಂದಿದೆ. ಈವರೆಗೆ ಫಲ ಕೊಡುತ್ತಿದ್ದ ಒದೆ ಇದ್ದಕ್ಕಿದ್ದಂತೆ ಫಲ ಕೊಡದಾದಾಗ ಮೇಕೆ ಅದನ್ನು ಬಿಟ್ಟುಬಿಡುವ ಬದಲು ಒಂದೆರಡು ದಿನ ಮತ್ತಷ್ಟು ಜೋರಾಗಿ ಒದೆಯುತ್ತದೆ. ಬಹಳ ಮಂದಿ ಸೋಲುವುದು ಆ ದಿನವೇ. ಸೋತು ಕೈಬಿಟ್ಟರೆ, ಇನ್ನೂ ಜೋರಾಗಿ ಒದ್ದರೆ ಕೆಲಸವಾಗುತ್ತದೆ ಎಂಬ ಪಾಠ ಅದಕ್ಕೆ ಸಿಕ್ಕಂತಾಗುತ್ತದೆ. ಇದಕ್ಕೆಲ್ಲ ಮೊದಲು ಕೆಚ್ಚಲಿನಲ್ಲಿ ಬಾವು, ಬಿಸಿ, ತೊಟ್ಟಿನಲ್ಲಿ ಬಿರುಕು ಇದೆಯೇ ಎಂದು ನೋಡಲೇಬೇಕು, ಏಕೆಂದರೆ ನೋವಿನಿಂದ ಒದೆಯುವ ಮೇಕೆಗೆ ಬೇಕಾದದ್ದು ಚಿಕಿತ್ಸೆ. ಚೊಚ್ಚಲು ಮೇಕೆಯ ತೊಟ್ಟು ಚಿಕ್ಕದಾಗಿದ್ದು ಕರೆಯಲು ಹೊತ್ತು ಹಿಡಿಯುವುದರಿಂದ ಹಿಂಡಿ ಮೊದಲೇ ಮುಗಿದು ಚಡಪಡಿಕೆ ಶುರುವಾಗುವುದೂ ಉಂಟು. ಹಿಂಡಿ ಹೆಚ್ಚಿಸಿದರೆ ಹೊಟ್ಟೆ ಕೆಡುತ್ತದೆ. ಬಟ್ಟಲಿನಲ್ಲಿ ನುಂಗಲಾಗದಷ್ಟು ದೊಡ್ಡ ನಾಲ್ಕು ನುಣುಪು ಕಲ್ಲುಗಳನ್ನಿಟ್ಟರೆ, ಅವುಗಳ ಸಂದಿಯಿಂದ ಹೆಕ್ಕಿ ತಿನ್ನುತ್ತ ಅದೇ ಪಾವು ಹಿಂಡಿ ಬಹಳ ಹೊತ್ತು ಬರುತ್ತದೆ.

ಹಿಂಗಾಲು ಕಟ್ಟಿ, ಗದರಿಸಿ ಕರೆಯುವುದನ್ನು ನಾನು ಒಪ್ಪಲಾರೆ. ಮೇಕೆ ಸೊರೆ ಬಿಡಲು, ಅಂದರೆ ಹಾಲನ್ನು ಕೆಳಗಿಳಿಸಲು, ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದ ಮೂಲಕ ಕೆಚ್ಚಲನ್ನು ತಲುಪಬೇಕು. ಬೆದರಿದ ಪ್ರಾಣಿಯ ಮೈಯಲ್ಲಿ ಹೊಮ್ಮುವ ಅಡ್ರಿನಲಿನ್ ಎಂಬ ಹಾರ್ಮೋನು ಅದಕ್ಕೆ ಅಡ್ಡಿಯಾಗುತ್ತದೆ. ಅಮೆರಿಕದಲ್ಲಿ ಈಲಿ ಮತ್ತು ಪೀಟರ್ಸನ್ 1941ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸುಗಳ ಬಳಿ ಕಾಗದದ ಚೀಲಗಳನ್ನು ಉಬ್ಬಿಸಿ ಒಡೆದು ಬೆದರಿಸಿದಾಗ ಅವು ಸರಿಯಾಗಿ ಸೊರೆ ಬಿಡಲಿಲ್ಲ. ಮೇಕೆಯ ಹಾಲಿನ ಬಹುಪಾಲು ಕೆಚ್ಚಲಿನ ಕೆಳಗಿನ ಕೋಶದಲ್ಲಿ ಮೊದಲೇ ಸಂಗ್ರಹವಾಗಿರುತ್ತದೆಯಾದ್ದರಿಂದ ಹೆದರಿದ ಮೇಕೆಯೂ ಒಂದಿಷ್ಟು ಹಾಲು ಕೊಟ್ಟೀತು. ಮೇಲಿನ ಗ್ರಂಥಿಗಳಲ್ಲಿರುವ ಕೆನೆಭರಿತ ಹಾಲು ಮಾತ್ರ ಅಲ್ಲಿಯೇ ಉಳಿಯುತ್ತದೆ, ಹಾಗೆ ದಿನವೂ ಉಳಿದರೆ ಕೆಚ್ಚಲು ಹಾಲು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ.

ಕಲಿತದ್ದನ್ನು ಮೇಕೆ ಸುಲಭವಾಗಿ ಮರೆಯುವುದಿಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬಾಯಿಂದ ಹಗ್ಗ ಎಳೆದು, ಆಮೇಲೆ ಮೂತಿಯಿಂದ ಸನ್ನೆಕೋಲನ್ನೆತ್ತಿ ಪೆಟ್ಟಿಗೆಯೊಳಗಿನ ತಿನಿಸು ಪಡೆಯುವುದನ್ನು 12 ಮೇಕೆಗಳಲ್ಲಿ 9 ಕಲಿತವು. 10 ತಿಂಗಳ ಬಳಿಕವೂ ಆ ವಿದ್ಯೆ ಅವಕ್ಕೆ ನೆನಪಿತ್ತು. ಬತ್ತಿದ ಮೇಕೆ ಮತ್ತೆ ಈಯುವವರೆಗಿನ ಅವಧಿ ಇದಕ್ಕಿಂತ ಚಿಕ್ಕದು. ಗಬ್ಬದ ಕೊನೆಯ ತಿಂಗಳಲ್ಲೇ ಸ್ಟ್ಯಾಂಡ್ ಹತ್ತಿಸಿ, ಪಕ್ಕೆ ಸವರಿ, ಗೊರಸು ಊರಿದಾಗ ಕೈ ತೆಗೆದು ಕಲಿಸಿದ ಮೇಕೆ, ಮುಂದಿನ ಸೂಲಿನಲ್ಲಿ ಬಾಗಿಲು ತೆರೆದೊಡನೆ ತಾನೇ ಹತ್ತಿ, ಪಟ್ಟಿಗಳ ನಡುವೆ ಕೊರಳಿಟ್ಟು ನಿಂತುಬಿಡುತ್ತದೆ.