ಸುಳ್ಳು ಹೇಳದ ಸಾಕ್ಷಿಗಳು

ಮಗು ಕಾಣೆಯಾಗುವ ಥ್ರಿಲ್ಲರ್‌ ಓದುವವರಿಗೆ ಒಂದು ಚಟ ಇರುತ್ತದೆ. ಮೊದಲ ಅಧ್ಯಾಯ ಮುಗಿಯುವ ಮುಂಚೆಯೇ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹುಡುಕಲು ಶುರು ಮಾಡುತ್ತಾರೆ. ಅಪ್ಪ ಹೇಳುವ ಲೆಕ್ಕದಲ್ಲಿ ಅರ್ಧ ಗಂಟೆ ಕಾಣೆ. ನಿನ್ನೆ ಕೆಂಪು ಕಾರು ಅಂದ ಪಕ್ಕದ ಮನೆಯಾಕೆ ಇವತ್ತು ನೀಲಿ ಅನ್ನುತ್ತಾಳೆ. ಮಗು ಯಾವ ಅಂಗಿ ತೊಟ್ಟಿತ್ತು ಅನ್ನುವುದೇ ತಾಯಿಗೆ ನೆನಪಿಲ್ಲ. ಎಲ್ಲರ ಮೇಲೂ ಅನುಮಾನ. ಲೇಖಕರಿಗೆ ಬೇಕಾಗಿರುವುದೂ ಅದೇ, ಅಲ್ವಾ?

ಆದರೆ ನೆನಪಿನ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಪ್ರಯೋಗಗಳು ಗೊತ್ತಿದ್ದರೆ ಈ ಕತೆಗಳು ಬೇರೆ ಥರ ಕಾಣುತ್ತವೆ. ಈ ಮೂವರಲ್ಲಿ ಒಬ್ಬರೂ ಸುಳ್ಳು ಹೇಳದೇ ಇರಬಹುದು. ಕಂಡದ್ದನ್ನೇ ಹೇಳುತ್ತಿದ್ದೇವೆ ಎಂದು ಪೂರ್ತಿ ನಂಬಿಕೊಂಡೇ ಮೂವರೂ ತಪ್ಪು ಹೇಳುತ್ತಿರಬಹುದು. ಸುಳ್ಳುಗಾರನಾದರೆ ಎಲ್ಲೋ ಒಂದು ಕಡೆ ತಡವರಿಸಿ ಸಿಕ್ಕಿಬೀಳಬಹುದು. ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟುಕೊಂಡವರು ತಡವರಿಸದೇ ಇರಬಹುದು.

ಇದಕ್ಕೆ ಸಿಗುವ ಅತ್ಯುತ್ತಮ ಉದಾಹರಣೆ ಒಂದು ಅಪಹರಣದ ಕತೆಯೇ. ಹೇಳಿದವರು ಸಾಮಾನ್ಯರಲ್ಲ. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂದು ಜೀವನಪೂರ್ತಿ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಅವರ ಬಳಿ ತೀರಾ ಹಳೆಯದೊಂದು ನೆನಪಿತ್ತು. ಆಗ ಅವರಿಗಿನ್ನೂ ಎರಡನೇ ವರ್ಷ. ಪ್ಯಾರಿಸ್‌ನ ಶಾನ್ಸ್ ಎಲಿಸೆ ಬೀದಿ. ಆಯಾ ಕೈಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದ್ದಾಳೆ. ಒಬ್ಬ ಬಂದು ಮಗುವನ್ನು ಕಸಿದುಕೊಳ್ಳಲು ನೋಡುತ್ತಾನೆ. ಮಗುವಿಗೆ ಬಿಗಿದಿದ್ದ ಪಟ್ಟಿ ಬಿಡುವುದಿಲ್ಲ. ಆಯಾ ಅಡ್ಡ ನಿಲ್ಲುತ್ತಾಳೆ, ಅವಳ ಮುಖಕ್ಕೆ ಪರಚಿದ ಗಾಯವಾಗುತ್ತದೆ. ಜನ ಸೇರುತ್ತಾರೆ. ಗಿಡ್ಡ ಮೇಲಂಗಿ ತೊಟ್ಟು ಬಿಳಿ ಲಾಠಿ ಹಿಡಿದ ಪೊಲೀಸ್ ಬರುತ್ತಾನೆ, ಕಳ್ಳ ಓಡಿಹೋಗುತ್ತಾನೆ. ಇಡೀ ದೃಶ್ಯ ಪಿಯಾಜೆಗೆ ಕಣ್ಣಿಗೆ ಕಟ್ಟಿದಂತಿತ್ತು, ಗಾಯದ ಗುರುತು ಕೂಡ ಮಸುಕಾಗಿ ಕಾಣುತ್ತಿತ್ತು. ಇದು ನಡೆದದ್ದು ಮೆಟ್ರೊ ನಿಲ್ದಾಣದ ಹತ್ತಿರ ಎಂದೂ ಅವರು ಹೇಳಬಲ್ಲವರಾಗಿದ್ದರು.

ಅವರಿಗೆ ಸುಮಾರು 15 ವರ್ಷವಾದಾಗ ಮನೆಗೊಂದು ಪತ್ರ ಬಂತು. ಬರೆದವಳು ಅದೇ ಹಳೆಯ ಆಯಾ. ಅವಳು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘಟನೆ ಸೇರಿದ್ದಳು, ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳಬೇಕು ಅನ್ನಿಸಿತ್ತು. ಮಗುವನ್ನು ಕಾಪಾಡಿದ್ದಕ್ಕೆ ಇನಾಮಾಗಿ ಕೊಟ್ಟಿದ್ದ ಗಡಿಯಾರವನ್ನು ವಾಪಸ್ ಮಾಡುವುದಾಗಿ ಬರೆದಿದ್ದಳು. ಅಪಹರಣ ನಡೆದೇ ಇರಲಿಲ್ಲ. ಗಾಯ ಅವಳೇ ಮಾಡಿಕೊಂಡದ್ದು. ಅಪ್ಪ ಅಮ್ಮ ಹೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿ ಕೇಳಿ ತನ್ನೊಳಗೇ ಆ ಚಿತ್ರ ಮೂಡಿರಬೇಕು ಎಂದು ಪಿಯಾಜೆ ಆಮೇಲೆ ಬರೆದರು. ಈ ಕತೆಯಲ್ಲಿ ಸುಳ್ಳು ಹೇಳಿದವಳು ಒಬ್ಬಳೇ. ಪೊಲೀಸನ ಮೇಲಂಗಿಯವರೆಗೂ ‘ಕಂಡ’ ಸಾಕ್ಷಿ ಮಾತ್ರ ಸತ್ಯವಂತ.

ಇದು ಒಬ್ಬರ ಅನುಭವ, ಪ್ರಯೋಗವಲ್ಲ. ಪ್ರಯೋಗ ನಡೆದದ್ದು 1990ರ ದಶಕದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 24 ಜನರಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಬರೆದುಕೊಟ್ಟರು. ಮೂರು ನಿಜ, ಮನೆಯವರಿಂದಲೇ ಕೇಳಿ ತಿಳಿದದ್ದು. ನಾಲ್ಕನೆಯದು ಕಟ್ಟುಕತೆ: ಐದು ವರ್ಷದವರಿದ್ದಾಗ ನೀವು ಶಾಪಿಂಗ್ ಮಾಲ್‌ನಲ್ಲಿ ತಪ್ಪಿಸಿಕೊಂಡಿರಿ, ಅಳುತ್ತಿದ್ದಿರಿ, ವಯಸ್ಸಾದ ಹೆಂಗಸೊಬ್ಬರು ನಿಮ್ಮನ್ನು ಮನೆಯವರ ಹತ್ತಿರ ಸೇರಿಸಿದರು. 24ರಲ್ಲಿ ಆರು ಜನ, ಸಂದರ್ಶನಗಳೆಲ್ಲ ಮುಗಿದ ಮೇಲೂ, ಇದು ಪೂರ್ತಿಯಾಗಿ ಅಥವಾ ಸ್ವಲ್ಪ ಮಟ್ಟಿಗೆ ನೆನಪಿದೆ ಅಂದರು. 2023ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ 123 ಜನರಿದ್ದರು. ಅಲ್ಲಿ ಈ ಪಾಲು ಶೇಕಡಾ 35.

ಇದನ್ನು ಹಿಗ್ಗಿಸಿ ಹೇಳುವವರೂ ಇದ್ದಾರೆ. ಯಾರ ತಲೆಗೆ ಏನು ಬೇಕಾದರೂ ತುಂಬಬಹುದು ಅನ್ನುವುದು ಇದರ ಅರ್ಥವಲ್ಲ. ಮೊದಲ ಪ್ರಯೋಗದ ಕೊನೆಯಲ್ಲಿ ‘ಇವುಗಳಲ್ಲಿ ಒಂದು ಸುಳ್ಳು, ಯಾವುದು?’ ಎಂದು ಕೇಳಿದಾಗ 24ರಲ್ಲಿ 19 ಜನ ಸರಿಯಾಗಿಯೇ ಹೇಳಿದರು. ಜೊತೆಗೆ, ಮಗು ತಪ್ಪಿಸಿಕೊಳ್ಳುವುದು ಯಾರ ಬಾಲ್ಯದಲ್ಲಾದರೂ ನಡೆದಿರಬಹುದಾದ ವಿಷಯ. ಅಷ್ಟು ಸಹಜವಲ್ಲದ ಘಟನೆಗಳನ್ನು ಹೀಗೆ ನಂಬಿಸುವುದು ಕಷ್ಟ ಎಂದು ಬೇರೆ ಪ್ರಯೋಗಗಳು ತೋರಿಸಿವೆ.

ನೆನಪು ಹೀಗೇಕೆ? ಮಿದುಳು ಒಂದು ಘಟನೆಯನ್ನು ಇಡಿಯಾಗಿ ಒಂದು ಕಡೆ ಎತ್ತಿಡುವುದಿಲ್ಲ. ಕಂಡದ್ದು, ಕೇಳಿದ್ದು, ಅನ್ನಿಸಿದ್ದು ಬೇರೆ ಬೇರೆ ಭಾಗಗಳಲ್ಲಿ ಹಂಚಿಹೋಗುತ್ತವೆ. ಅವನ್ನು ಒಟ್ಟಿಗೆ ಹೆಣೆಯುವುದು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ. ನೆನಪಿಸಿಕೊಳ್ಳುವಾಗ ಈ ಹೆಣಿಗೆ ಮತ್ತೆ ನಡೆಯುತ್ತದೆ, ಖಾಲಿ ಬಿದ್ದ ಜಾಗವನ್ನು ‘ಹೀಗೇ ಇದ್ದಿರಬೇಕು’ ಅನ್ನುವ ಊಹೆ ತುಂಬುತ್ತದೆ. ಹಿಪೊಕ್ಯಾಂಪಸ್ ಹಾಳಾದ ರೋಗಿಗಳಿಗೆ ಹಳೆಯದನ್ನು ನೆನೆಯುವುದು ಮಾತ್ರವಲ್ಲ, ಹೊಸ ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು 2007ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿದರು. ನೆನಪು ಮತ್ತು ಕಲ್ಪನೆ ಎರಡಕ್ಕೂ ಮಿದುಳು ಬಹುಪಾಲು ಒಂದೇ ವ್ಯವಸ್ಥೆಯನ್ನು ಬಳಸುತ್ತದೆ. ಹಾಗಾಗಿ ‘ಇದು ಕಂಡದ್ದೋ ಕೇಳಿದ್ದೋ’ ಅನ್ನುವ ಗುರುತು ಅಳಿಸಿಹೋಗುವುದು ಸುಲಭ. ಮಗು ಕಾಣೆಯಾದ ಮನೆಯಲ್ಲಿ ಆ ಕೊನೆಯ ಹತ್ತು ನಿಮಿಷವನ್ನು ಪೊಲೀಸರಿಗೆ, ನೆಂಟರಿಗೆ, ಟಿವಿಯವರಿಗೆ, ನಿದ್ದೆ ಬಾರದ ರಾತ್ರಿ ತಮಗೇ ಎಷ್ಟು ಸಲ ಹೇಳಿಕೊಂಡಿರುತ್ತಾರೆ ಯೋಚಿಸಿ. ಪ್ರತಿ ಸಲವೂ ಹೊಸ ಹೆಣಿಗೆ. ನಿಜ ಹೇಳಬೇಕೆಂದರೆ, ತಿಂಗಳ ನಂತರವೂ ಅಕ್ಷರ ತಪ್ಪದೆ ಅದೇ ಹೇಳಿಕೆ ಕೊಡುವ ತಾಯಿಯೇ ನನಗೆ ವಿಚಿತ್ರವಾಗಿ ಕಾಣುತ್ತಾಳೆ.

ಹಾಗಾದರೆ ತಾಯಿಯ ಮಾತನ್ನು ನಂಬಲೇಬಾರದೇ? ಇಲ್ಲಿ ಎರಡು ನಿಜ ಪ್ರಕರಣಗಳನ್ನು ಎದುರುಬದುರು ಇಡಬೇಕು.

1928ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಾಣೆಯಾದ. ಐದು ತಿಂಗಳ ಮೇಲೆ ಪೊಲೀಸರು ಒಬ್ಬ ಹುಡುಗನನ್ನು ತಂದು ‘ಇವನೇ ನಿಮ್ಮ ಮಗ’ ಅಂದರು. ತಾಯಿ ಅಲ್ಲ ಅಂದಳು. ‘ಸ್ವಲ್ಪ ದಿನ ಇಟ್ಟುಕೊಂಡು ನೋಡಿ’ ಅಂದರು. ಆಕೆ ಕೆಲವು ವಾರಗಳ ಮೇಲೆ ಮಗನ ಹಲ್ಲಿನ ದಾಖಲೆ ಹಿಡಿದು ವಾಪಸ್ ಬಂದಾಗ, ಪೊಲೀಸ್ ಕ್ಯಾಪ್ಟನ್ ಆಕೆಯನ್ನು ಮಾನಸಿಕ ರೋಗಿಗಳ ವಾರ್ಡಿಗೆ ಸೇರಿಸಿದ. ಆ ಹುಡುಗ ತಾನು ಬೇರೆ ಯಾರೋ ಎಂದು ಒಪ್ಪಿಕೊಂಡ ಮೇಲಷ್ಟೇ ಆಕೆಗೆ ಬಿಡುಗಡೆ. ಅವನು ಅಯೋವಾ ರಾಜ್ಯದಿಂದ ಓಡಿಬಂದಿದ್ದ 12 ವರ್ಷದವನು. ಸಿನಿಮಾ ನಟನನ್ನು ನೋಡುವ ಆಸೆಗೆ ಹಾಲಿವುಡ್‌ಗೆ ಹೊರಟಿದ್ದ.

ಎರಡನೆಯದು ಇದರ ತಿರುವುಮುರುವು. 1994ರಲ್ಲಿ ಟೆಕ್ಸಾಸ್‌ನಲ್ಲಿ 13 ವರ್ಷದ ಹುಡುಗ ಕಾಣೆಯಾದ. 1997ರಲ್ಲಿ ಸ್ಪೇನ್‌ನಲ್ಲಿ ಒಬ್ಬ ‘ನಾನೇ ಅವನು’ ಎಂದ. ನಿಜವಾಗಿ ಅವನು 23 ವರ್ಷದ ಫ್ರೆಂಚ್ ಯುವಕ. ಹುಡುಗನ ಕಣ್ಣು ನೀಲಿ, ಇವನದು ಕಂದು. ಮಾತಿನಲ್ಲಿ ಫ್ರೆಂಚ್ ಛಾಯೆ. ಆದರೂ ಹುಡುಗನ ಅಕ್ಕ ಸ್ಪೇನ್‌ಗೆ ಹೋಗಿ ಗುರುತಿಸಿದಳು, ಮನೆಯವರು ಒಪ್ಪಿಕೊಂಡರು, ಅವನು ತಿಂಗಳುಗಟ್ಟಲೆ ಅವರ ಜೊತೆ ಇದ್ದ. ಖಾಸಗಿ ಪತ್ತೇದಾರರೊಬ್ಬರಿಗೆ ಫೋಟೋದಲ್ಲಿ ಕಿವಿಯ ಆಕಾರ ಬೇರೆ ಇರುವುದು ಕಂಡಿತು. ಕೊನೆಗೆ ಬೆರಳಚ್ಚು ಅವನ ಗುಟ್ಟು ಬಿಚ್ಚಿತು.

ಮನೆಯವರ ಮೇಲೇ ಅನುಮಾನ ಪಟ್ಟವರಿದ್ದಾರೆ. ಏನೂ ಸಾಬೀತಾಗಿಲ್ಲ. ಆದರೆ ಇಂಥ ಮನೆಯ ಒಳಗನ್ನು ಅರ್ಥ ಮಾಡಿಕೊಳ್ಳಲು ಪಾಲಿನ್ ಬಾಸ್ ಎಂಬ ಸಂಶೋಧಕಿಯ ಕೆಲಸ ನೆರವಾಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಅಮೆರಿಕನ್ ಪೈಲಟ್‌ಗಳ ಕುಟುಂಬಗಳನ್ನು ಅವರು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಸತ್ತರೆ ಅಳಬಹುದು, ಕರ್ಮ ಮುಗಿಸಬಹುದು. ಇದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ದುಃಖ ಶುರುವೂ ಆಗುವುದಿಲ್ಲ, ಮುಗಿಯುವುದೂ ಇಲ್ಲ. ಅಂಥ ಕಡೆ ಬಾಗಿಲಿಗೆ ಬಂದವನ ಕಣ್ಣಿನ ಬಣ್ಣ ದೊಡ್ಡ ಅಡ್ಡಿಯಾಗದೇ ಇರಬಹುದು.

ಇನ್ನು ಹೊರಗಿನ ಸಾಕ್ಷಿಗಳು. ‘ಆ ಮುಖ ನಾನು ಸಾಯುವವರೆಗೂ ಮರೆಯಲ್ಲ’ ಅನ್ನುವ ಮಾತು ಇಂಥ ಕತೆಗಳಲ್ಲಿ ಒಮ್ಮೆಯಾದರೂ ಬರುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 500 ಅಮೆರಿಕನ್ ಸೈನಿಕರಿದ್ದರು. ತರಬೇತಿಯ ಭಾಗವಾಗಿ ಅವರನ್ನು ಅಣಕು ಸೆರೆಶಿಬಿರದಲ್ಲಿಟ್ಟು ವಿಚಾರಣೆ ಮಾಡಲಾಗಿತ್ತು. ಅರ್ಧ ಗಂಟೆಗೂ ಜಾಸ್ತಿ ಎದುರಿಗೇ ಕೂತು ಗದರಿಸಿದವನ ಮುಖವನ್ನು, ಒಂದು ದಿನ ಕಳೆದು, ಸಾಲಾಗಿ ನಿಂತವರ ನಡುವೆ ಸರಿಯಾಗಿ ಗುರುತಿಸಿದವರು ಶೇಕಡಾ 30 ಮಾತ್ರ. ಒತ್ತಡವಿಲ್ಲದ ವಿಚಾರಣೆಯಲ್ಲಿ ಅದು 62 ಇತ್ತು. ಭಯ ಮುಖವನ್ನು ಅಚ್ಚೊತ್ತುತ್ತದೆ ಅನ್ನುವುದು ಸುಮ್ನೆ ನಂಬಿಕೆ.

ನನಗೆ ಇದಕ್ಕಿಂತಲೂ ದಿಗಿಲು ಹುಟ್ಟಿಸಿದ್ದು ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಜನರಿಗೆ ಬಂದೂಕುಧಾರಿಯೊಬ್ಬನ ವಿಡಿಯೋ ತೋರಿಸಿ, ಆಮೇಲೆ ಅವನ ಫೋಟೋವೇ ಇಲ್ಲದ ಫೋಟೋಗಳ ಗುಂಪು ಕೊಟ್ಟರು. ಎಲ್ಲರೂ ಯಾರನ್ನೋ ಒಬ್ಬನನ್ನು ಆರಿಸಿದರು, ಎಲ್ಲರದೂ ತಪ್ಪು. ಕೆಲವರಿಗೆ ಮಾತ್ರ ‘ಒಳ್ಳೆಯದು, ಸರಿಯಾಗಿ ಗುರುತಿಸಿದಿರಿ’ ಎಂದು ಹೇಳಲಾಯಿತು. ಅಷ್ಟೇ ಸಾಕಾಯಿತು. ಅವರ ಖಾತ್ರಿ ಏರಿತು. ಮುಖ ಚೆನ್ನಾಗಿ ಕಂಡಿತ್ತು, ಗಮನವಿಟ್ಟು ನೋಡಿದ್ದೆ ಎಂದೂ ಹೇಳತೊಡಗಿದರು. ಪೊಲೀಸರ ಒಂದು ಮೆಚ್ಚುಗೆಯ ಮಾತಿನಿಂದ ಅನುಮಾನದಲ್ಲಿದ್ದ ಸಾಕ್ಷಿ ಕೋರ್ಟಿಗೆ ಬರುವ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತಾನೆ.

ಇದಕ್ಕೆ ಮದ್ದು ಇದೆ, ಅದೇನೂ ದುಬಾರಿಯಲ್ಲ. ಸಾಕ್ಷಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಮುಂಚೆಯೇ ಬೇರೆ ಬೇರೆಯಾಗಿ ಹೇಳಿಕೆ ಪಡೆಯುವುದು. ‘ಕಾರು ಕೆಂಪಗಿತ್ತಾ?’ ಅನ್ನದೆ ‘ಏನು ಕಂಡಿತು, ಹೇಳಿ’ ಎಂದು ಸುಮ್ಮನಾಗುವುದು. ಮಕ್ಕಳನ್ನು ಕೇಳುವಾಗಲಂತೂ ಇದು ತಪ್ಪಲೇಬಾರದು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಿರಬೇಕು ಎಂದುಕೊಂಡು ಚಿಕ್ಕ ಮಕ್ಕಳು ಉತ್ತರ ಬದಲಿಸುವುದುಂಟು. ಫೋಟೋ ತೋರಿಸುವ ಅಧಿಕಾರಿಗೆ ಆರೋಪಿ ಯಾರೆಂದು ಗೊತ್ತಿರಬಾರದು ಮತ್ತು ಸಾಕ್ಷಿಗೆ ಎಷ್ಟು ಖಾತ್ರಿ ಇದೆ ಅನ್ನುವುದನ್ನು ಆ ಕ್ಷಣದಲ್ಲೇ ಬರೆದುಕೊಳ್ಳಬೇಕು ಎಂದು ಅಮೆರಿಕದ ನ್ಯಾಯ ಇಲಾಖೆ 2017ರಲ್ಲಿ ತನ್ನ ತನಿಖಾ ಸಂಸ್ಥೆಗಳಿಗೆ ಸೂಚಿಸಿತು.

ಥ್ರಿಲ್ಲರ್‌ಗಳ ಪತ್ತೇದಾರರಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಅವರು ಇವತ್ತಿಗೂ ಗಾಬರಿಯಲ್ಲಿರುವ ಸಾಕ್ಷಿಯ ಮುಂದೆ ಒಂದೇ ಒಂದು ಫೋಟೋ ಇಟ್ಟು ‘ಇವನೇ ತಾನೇ?’ ಎಂದು ಕೇಳುತ್ತಾರೆ. ಅವಳು ಹೌದು ಅಂದ ಕೂಡಲೇ ಮುಂದಿನ ಅಧ್ಯಾಯದಲ್ಲಿ ಯಾರದೋ ಮನೆ ಬಾಗಿಲು ಒಡೆಯುತ್ತಾರೆ.